ಕೆಂಪು ಚುಕ್ಕೆ ಆರಿಸಲು ಹೋದೆ

ಹೈದರಾಬಾದಿನಲ್ಲಿ ನನಗೆ ಮೊದಲು ಸಿಕ್ಕ ಬಾಡಿಗೆ ಮನೆ ಅರ್ಧ ತಾಸಿನಲ್ಲೇ ಕೈತಪ್ಪಿತು. ಸನತ್‌ನಗರದ ಒಂದು ಓಣಿಯಲ್ಲಿ ಎರಡನೇ ಮಹಡಿ. ಮಾಲೀಕಳಾದ ಮುದುಕಿ ಕೀಲಿಕೈ ಕೊಟ್ಟು, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಹಾಲಿನವನು ಯಾರು ಎಂದೆಲ್ಲ ಹೇಳಿ ಮುಗಿಸಿದ್ದಳು. ಟ್ರಂಕು ಎತ್ತಲು ನಾನು ಬಗ್ಗಿದಾಗ ಅಂಗಿ ಮೇಲೇರಿ ಸೊಂಟದ ಪಿಸ್ತೂಲು ಕಂಡಿತು. ಆಕೆ ಕಿರುಚಲಿಲ್ಲ. ಕೈ ಚಾಚಿ ಕೀಲಿಕೈ ವಾಪಸು ಇಸಿದುಕೊಂಡು, "ವದ್ದು ಬಾಬು, ವದ್ದು" ಎಂದಳು. ವದ್ದು ಎಂದರೆ ಬೇಡ. ನಾನು ಕಲಿತ ಮೊದಲ ತೆಲುಗು ಶಬ್ದ ಅದು.

ನಮ್ಮ ರೋಣದ ಕಡೆ ಹೀಗಲ್ಲ. ಮಿಲಿಟರಿಯಿಂದ ಹವಾಲ್ದಾರನಾಗಿ ನಿವೃತ್ತನಾಗಿ, ಲೈಸೆನ್ಸ್ ತೆಗೆದುಕೊಂಡು, ಪಿಸ್ತೂಲು ಕಟ್ಟಿಕೊಂಡು ಊರಿಗೆ ಹೋದಾಗ ಜನ ಕಟ್ಟೆಯ ಮೇಲೆ ಸರಿದು ಜಾಗ ಕೊಟ್ಟಿದ್ದರು. ಅದೇ ಪಿಸ್ತೂಲು ನನಗೆ ಇಲ್ಲಿ ನೌಕರಿ ಕೊಡಿಸಿತು. ಹಿಮಾಯತ್‌ನಗರದ ಒಂದು ಬಂಗಾರದ ಅಂಗಡಿಯಲ್ಲಿ ನಾನು ಮಾಲೀಕ ಸೇಠಜಿಯವರ ಗನ್‌ಮ್ಯಾನ್. ಅವರು ಅಂಗಡಿಯಲ್ಲಿದ್ದರೆ ಬಾಗಿಲ ಬಳಿ, ಹೊರಗೆ ಹೊರಟರೆ ಕಾರಿನ ಮುಂದಿನ ಸೀಟಿನಲ್ಲಿ. ಆರು ವರ್ಷ ಅಲ್ಲಿ ಯಾರಿಗೂ ನನ್ನ ಹೆಸರು ಬೇಕಾಗಲಿಲ್ಲ. 'ಗನ್‌ಮ್ಯಾನ್' ಎಂದರೆ ಓಗೊಡುತ್ತಿದ್ದೆ.

ಕೊನೆಗೆ ಮನೆ ಸಿಕ್ಕಿದ್ದು ಅದೇ ಸನತ್‌ನಗರದಲ್ಲಿ, ಕಾರ್ಖಾನೆಯ ಕೆಲಸಗಾರರ ನಡುವೆ. ಹೆಂಡತಿ ಗಿರಿಜಾ ಮುಂಜಾನೆ ಜೋಳದ ರೊಟ್ಟಿ ಬಡಿಯಲು ಕೂತರೆ ಕೆಳಗಿನ ಮನೆಯ ತೆಲುಗು ಹೆಂಗಸು, ಏನು ಸದ್ದು ಎಂದು ಜಗಳಕ್ಕೆ ಬಂದಳು. ಗಿರಿಜಾಗೆ ಆಗ ಭಾಷೆ ಬರುತ್ತಿರಲಿಲ್ಲ. ಒಂದು ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೊಟ್ಟಳು. ಮರುದಿನ ಸದ್ದು ಕೇಳಿದ ಕೂಡಲೆ ಆಕೆ ತಾಟು ಹಿಡಿದುಕೊಂಡು ಮೇಲೆ ಬಂದಳು. ಈ ಊರಿನಲ್ಲಿ ನಾವು ಗೆದ್ದದ್ದು ಎಂದರೆ ಅಷ್ಟು. ಉಳಿದದ್ದಕ್ಕೆ ಹೊಂದಿಕೊಂಡೆವು. ನಮ್ಮಲ್ಲಿ ಮೊನ್ನೆ ಎಂದರೆ ಮೊನ್ನೆಯೇ. ಇಲ್ಲಿ ಮೊನ್ನೆಗೆ 'ಪರ್ಸೋ' ಎನ್ನುತ್ತಾರೆ, ಅದು ಹೋದ ವಾರವೂ ಆದೀತು, ಹೋದ ವರ್ಷವೂ ಆದೀತು.

ನನ್ನ ಕಣ್ಣು ಮಂಜಾದದ್ದು ಯಾವಾಗ ಎಂದು ಕೇಳಿದರೆ ನಾನೂ ಪರ್ಸೋ ಎನ್ನಬೇಕು. ನೆನಪಿರುವುದು ಒಂದು ಮಧ್ಯಾಹ್ನ. ಸೇಠಜಿ ಕಾರು ಹತ್ತುತ್ತಿದ್ದರು. ರಸ್ತೆಯ ಆಚೆಯಿಂದ ಒಬ್ಬ ನಮ್ಮತ್ತಲೇ ಓಡಿ ಬಂದ. ಕೈಯಲ್ಲಿ ಏನೋ ಫಳ್ಳನೆ ಹೊಳೆಯಿತು. ಪಿಸ್ತೂಲು ಹೊರಗೆ ಬಂದಿತ್ತು, ಬೆರಳು ಟ್ರಿಗರಿನ ಮೇಲಿತ್ತು. ಗುರಿ ಹಿಡಿಯುವ ಮುಂದಿನ ಮೊನೆ ನನಗೆ ಒಂದಲ್ಲ, ಎರಡು ಕಂಡವು. ಆ ಎರಡರ ನಡುವೆ ಒಂದು ಮಂಜು ಮುಖ. ಯಾವ ಮೊನೆ ಖರೆ ಎಂದು ತಿಳಿಯದೆ ತಡೆದೆ. ಅಷ್ಟರಲ್ಲಿ ಆ ಮುಖ, "ಅನ್ನಾ, ನೇನೂ! ರಮೇಶ್!" ಎಂದು ಕೂಗಿತು.

ರಮೇಶ ನಮ್ಮ ಅಂಗಡಿಯ ಗುಮಾಸ್ತ. ಸೇಠಜಿ ಹೋಟೆಲಿನಲ್ಲಿ ಮರೆತ ಸ್ಟೀಲಿನ ನೀರಿನ ಬಾಟಲಿ ತಂದಿದ್ದ. ಬಾಟಲಿ ಕೆಳಗೆ ಬಿದ್ದು ಉರುಳಿತು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ನಾನು ಸೇಠಜಿಗೆ ತಪ್ಪೆಲ್ಲ ಪಿಸ್ತೂಲಿನದು ಎಂದೆ. ಮೊನೆ ಸಣ್ಣದು, ಬಿಸಿಲಿಗೆ ಕಾಣುವುದಿಲ್ಲ ಎಂದೆ. ಅವರು ನಂಬಿದರು. ಈಗ ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಕೆಂಪು ಚುಕ್ಕೆಯ ಸೈಟ್ ಕೂಡಿಸುತ್ತಾರಂತೆ, ಹೋಗಿ ನೋಡು ಎಂದರು.

ಆ ಸೈಟ್ ಎಂದರೆ ಹೆಬ್ಬೆರಳಗಲದ ಒಂದು ಗಾಜು. ಒಳಗಿನ ಪುಟ್ಟ ದೀಪ ಗಾಜಿನಲ್ಲಿ ಒಂದು ಚುಕ್ಕೆ ಮೂಡಿಸುತ್ತದೆ. ಪಿಸ್ತೂಲಿನ ಹಿಂದಿನ ಸೀಳು, ಮುಂದಿನ ಮೊನೆ ಎರಡನ್ನೂ ಹೊಂದಿಸುತ್ತ ಕೂಡಬೇಕಾಗಿಲ್ಲ. ಎರಡೂ ಕಣ್ಣು ತೆರೆದು, ಚುಕ್ಕೆ ಎಲ್ಲಿ ಕೂತಿತೋ ಗುಂಡು ಅಲ್ಲಿಗೆ.

ಬಂದೂಕಿನ ಅಂಗಡಿಯ ಖಾದರ್ ಸಾಹೇಬರಿಗೆ ಎಪ್ಪತ್ತರ ಆಸುಪಾಸು. ನನ್ನ ಮಾತಿನ ಧಾಟಿ ಕೇಳಿ ಕನ್ನಡಕ್ಕೆ ಹೊರಳಿದರು.

"ನಮ್ಮ ಅಮ್ಮೀ ರಾಯಚೂರದಾಕಿ ರೀ. ಕೂಡ್ರಿ ಸಾಬ್. ಇದು ತೆರೆದ ಗಾಜಿಂದು, ಹಗುರ ಐತಿ. ಆದ್ರ ಬೆವರಿನ ಹನಿ ಒಳಗ ಬಿತ್ತಂದ್ರ ಚುಕ್ಕಿ ಹೋತು. ದಿನಾ ಕಟ್ಕೊಳ್ಳಾವ್ರಿಗೆ ಈ ಮುಚ್ಚಿದ್ದು ಛಲೋ. ಸ್ವಲ್ಪ ಭಾರ, ಅಂಗಿ ಉಬ್ಬಿ ಕಾಣ್ತದ."

"ಚುಕ್ಕಿ ಸಣ್ಣದು ತಗೊಳ್ಳಲೋ, ದೊಡ್ಡದೋ?"

"ನಿಮ್ಮ ಕೆಲಸ ಹತ್ತು ಹೆಜ್ಜಿದು. ದೊಡ್ಡ ಚುಕ್ಕಿ ಲಗೂನ ಕಣ್ಣಿಗೆ ಬೀಳ್ತದ. ಮೊದಲ ಆರಿಸ್ರಿ. ಪಿಸ್ತೂಲಿಗೆ ಕೂಡಿಸಾಕ ಸರಕಾರದ ಪರವಾನಗಿ ಕಾಗದ ಬೇಕು, ಅದು ಆಮ್ಯಾಲಿನ ಮಾತು."

ಮುಚ್ಚಿದ್ದನ್ನು ಎತ್ತಿ ಗೋಡೆಯ ಕ್ಯಾಲೆಂಡರಿನತ್ತ ನೋಡಿದೆ. ಚುಕ್ಕೆ ಕಾಣಲಿಲ್ಲ. ಒದ್ದೆ ಬೆರಳಿನಿಂದ ಒರೆಸಿದ ಕುಂಕುಮದ ಹಾಗೆ ಕೆಳಕ್ಕೆ ಬಾಲ ಬಿಟ್ಟ ಒಂದು ಕೆಂಪು ಗೀಚು ಕಂಡಿತು. ಇದು ಕೆಟ್ಟಿದೆ ಎಂದೆ. ಇನ್ನೊಂದು ಕೊಟ್ಟರು, ಅದೂ ಹಾಗೆಯೇ. ಬೆಳಕು ತಗ್ಗಿಸಿದರು, ಗೀಚು ಮಸುಕಾಯಿತೇ ಹೊರತು ಗುಂಡಗಾಗಲಿಲ್ಲ. ಮೂರನೆಯದೂ ಹಾಗೆಯೇ.

ಖಾದರ್ ಸಾಹೇಬರು ನನ್ನ ಫೋನು ತೆಗೆದುಕೊಂಡು ಗಾಜಿನ ಹಿಂದೆ ಹಿಡಿದು ಫೋಟೊ ತೆಗೆದರು. ಬೆರಳಿನಿಂದ ಹಿಗ್ಗಿಸಿ ತೋರಿಸಿದರು. ಫೋಟೊದಲ್ಲಿ ಚುಕ್ಕೆ ಅಚ್ಚುಕಟ್ಟಾಗಿ ಗುಂಡಗಿತ್ತು.

"ಮಶೀನಿಗೆ ಗುಂಡಗ ಕಾಣಾಕತ್ತೈತಿ ಸಾಬ್. ನಿಮಗ ಇಲ್ಲ."

"ಇರ್ಲಿ ಬಿಡ್ರಿ. ದೊಡ್ಡದನ್ನ ಕೊಡ್ರಿ. ರೂಢಿ ಆಕ್ಕೈತಿ."

"ನಕ್ಕೋ," ಎಂದರು. ಇಲ್ಲಿಯ ದಖನಿ ಉರ್ದುವಿನಲ್ಲಿ ನಕ್ಕೋ ಎಂದರೂ ಬೇಡ. "ಇದನ್ನ ನಿಮಗ ಮಾರಿದ್ರ ನನಗ ನಿದ್ದಿ ಹತ್ತೂದಿಲ್ಲ. ಮೊದಲ ಕಣ್ಣು ತೋರಸ್ರಿ."

ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮ ಹಿಂದಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಕೆಳಭಾಗದಲ್ಲಿ ತೆಳುವಾಗಿ ಉಬ್ಬಿದೆ. ಎರಡೂ ಕಣ್ಣಿಗೆ. ಕನ್ನಡಕದಿಂದ ಪೂರ್ತಿ ಸರಿಹೋಗುವುದಿಲ್ಲ. ಗಟ್ಟಿ ಲೆನ್ಸ್ ಹಾಕಿಕೊಂಡರೆ ಓಡಾಡಬಹುದು, ಓದಬಹುದು. "ಮತ್ತೆ ಪಿಸ್ತೂಲು?" ಎಂದೆ. ತಳ್ಳಾಟದಲ್ಲಿ ಲೆನ್ಸ್ ಜಾರಿತು ಎಂದುಕೊಳ್ಳಿ, ಆಗ ಯಾರಿಗೆ ಹೊಡೆಯುತ್ತೀರಿ ಎಂದು ಅವರೇ ಕೇಳಿದರು. ನನಗೆ ರಮೇಶನ ಮುಖ ನೆನಪಾಯಿತು.

ಮನೆಗೆ ಬಂದು ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಗಿರಿಜಾ ನಾನು ಅಂಗಿಯ ಗುಂಡಿ ತಪ್ಪು ಹಾಕಿದ್ದನ್ನು ಸರಿಮಾಡುತ್ತ ಕೇಳಿದಳು, "ಏನಾಗೈತಿ ಹೇಳ್ರಿ. ಹಿಂಗ ಬಾಯಿ ಮುಚ್ಕೊಂಡು ಕುಂತ್ರ ನಾ ಏನ್ ತಿಳ್ಕೊಳ್ಳಿ?"

ಹೇಳಿದೆ. ರಮೇಶನ ವಿಷಯವನ್ನೂ ಬಿಡಲಿಲ್ಲ. ಆಕೆ ಅಳಲಿಲ್ಲ. "ಸೇಠಜಿಗೆ ನೀವ ಹೇಳ್ರಿ. ಆ ಹುಡುಗಗ ಏನಾರ ಆಗಿದ್ರ ನಾವು ಅವನ ತಾಯಿ ಮುಂದ ಹೆಂಗ ನಿಲ್ತಿದ್ವಿ?" ಎಂದಳು. ಆಕೆ ಇನ್ನೂ ಸಣ್ಣ ದನಿಯಲ್ಲಿ ಕೇಳಿದಳು, "ಊರಿಗೆ ಹೋಗೂಣೇನ್ರಿ?" ಊರಿನ ಕಟ್ಟೆಯ ಮೇಲೆ ಜಾಗ ಬಿಟ್ಟವರು ಸೊಂಟದ ಪಿಸ್ತೂಲು ನೋಡಿ ಬಿಟ್ಟಿದ್ದರೋ, ನನ್ನನ್ನು ನೋಡಿಯೋ ಎಂಬುದನ್ನು ಪರೀಕ್ಷೆಗೆ ಹಚ್ಚುವ ಧೈರ್ಯ ನನಗಿರಲಿಲ್ಲ.

ಸೇಠಜಿ ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ತಲೆಯಾಡಿಸಿ, ಬಾಗಿಲು ತೆರೆಯುವ ಕೆಲಸಕ್ಕೆ ಇರು ಎಂದರು. ವಾರದೊಳಗೆ ಬಿಹಾರದ ಒಬ್ಬ ನನ್ನ ಸೀಟಿಗೆ ಬಂದ. ಈಗ ಅಂಗಡಿಯಲ್ಲಿ ಗನ್‌ಮ್ಯಾನ್ ಎಂದು ಕರೆದರೆ ಇಬ್ಬರೂ ತಿರುಗುತ್ತೇವೆ, ನಾನು ಮತ್ತೆ ತಲೆ ತಗ್ಗಿಸುತ್ತೇನೆ.

ರಮೇಶನಿಗೆ ನಿಜ ಹೇಳಿದೆ. ಅಂದು ಕೊಲ್ಲದೆ ಬಿಟ್ಟದ್ದು ನನ್ನ ಜಾಣತನವಲ್ಲ, ಕುರುಡುತನ ಎಂದೆ. ಅವನು "ಪರವಾಲೇದು ಅನ್ನಾ" ಎಂದ. ಅಡ್ಡಿಯಿಲ್ಲ ಅಣ್ಣಾ ಎಂದು. ಆದರೆ ಈಗಲೂ ನನ್ನ ಎದುರು ಬರುವಾಗ ಎರಡೂ ಕೈ ಕಾಣುವ ಹಾಗೆ ಬರುತ್ತಾನೆ.

ಪಿಸ್ತೂಲನ್ನು ಖಾದರ್ ಸಾಹೇಬರ ಅಂಗಡಿಯಲ್ಲಿ ಜಮಾ ಮಾಡಿ ರಸೀದಿ ಪಡೆದೆ. ಬಸ್ಸಿನಲ್ಲಿ ಬರುವಾಗ ಸೊಂಟ ಹಗುರವಾಗಿ, ಬ್ರೇಕು ಹಾಕಿದಾಗಲೆಲ್ಲ ಎತ್ತಲೋ ವಾಲುತ್ತಿದ್ದೇನೆ ಅನಿಸುತ್ತಿತ್ತು. ಸನತ್‌ನಗರ ಇನ್ನೂ ಎರಡು ಸ್ಟಾಪ್ ಇರುವಾಗ ಊರಿನಿಂದ ಅಣ್ಣನ ಫೋನು ಬಂತು. ಅವನಿಗೆ ಇದಾವುದೂ ಗೊತ್ತಿಲ್ಲ.

"ಎಲ್ಲದೀಯೋ ತಮ್ಮಾ?"

"ಊರಾಗ ಅದೀನಿ," ಎಂದೆ. ಆರು ವರ್ಷದಲ್ಲಿ ಹೈದರಾಬಾದನ್ನು ಊರು ಎಂದು ಕರೆಯಲು ಯಾವಾಗ ಕಲಿತೆನೋ, ನಾಲಿಗೆಗೇ ಗೊತ್ತು.

ನಾನು ರೋಣಕ್ಕೆ ಬಂದಿದ್ದೇನೆ ಎಂದುಕೊಂಡ ಅಣ್ಣನ ದನಿ ಅರಳಿತು. "ಹೌದಾ! ಯಾವಾಗ ಬಂದಿ? ಬಸ್‌ಸ್ಟ್ಯಾಂಡಿನ್ಯಾಗ ಅದೀಯೇನು? ಅಲ್ಲೇ ನಿಲ್ಲು, ಗಾಡಿ ತಗೊಂಡು ಬಂದೆ." ಆಮೇಲೆ ಅವನು ಅತ್ತಿಗೆಯನ್ನು ಕೂಗಿ, ತಮ್ಮ ಬಂದಾನ, ಒಲಿ ಹಚ್ಚು ಎನ್ನುವುದು ಕೇಳಿಸಿತು. ನಾನು ಫೋನು ಕಿವಿಗೆ ಒತ್ತಿಕೊಂಡು ನಿಂತೆ. ಇಲ್ಲ ಅಣ್ಣಾ ಎನ್ನುವ ಬದಲು ಅತ್ತಲಿನ ಗಡಿಬಿಡಿಗೆ ಕಿವಿಗೊಟ್ಟೆ. ಕಂಡಕ್ಟರು ತೆಲುಗಿನಲ್ಲಿ, ಸನತ್‌ನಗರ ಬಂತು, ಇಳಿಯುವವರು ಇಳಿಯಿರಿ ಎನ್ನುತ್ತಿದ್ದ.