ಸಂಪಾದಕರಿಗೆ ಬಂದ ಮುಯ್ಯಿ

ಮೊಬೈಲಿನಲ್ಲಿ ಪುಟ ಸರಿಸುವ ಮೊದಲು ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಿದ್ದವರೆಂದರೆ ನಮ್ಮ ಸಂಪಾದಕರೊಬ್ಬರೇ. ಪತ್ರಿಕೆ ತಿರುವಿ ತಿರುವಿ ಅಂಟಿದ ಚಾಳಿ. ಗಾಜಿನ ಮೇಲೆ ಸದಾ ಒಂದು ಒದ್ದೆ ಗೆರೆ. ಸೊರಬದ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದು, ಸುತ್ತಲಿನ ಊರುಗಳ ಸುದ್ದಿಗೆಂದು ವೆಬ್‌ಸೈಟ್ ನಡೆಸುತ್ತಿದ್ದರು. ಉಳವಿಯಲ್ಲಿ ಯಾರದೋ ಎಮ್ಮೆ ಕಳೆದದ್ದು, ಆನವಟ್ಟಿಯಲ್ಲಿ ಯಾರೋ ತೀರಿಕೊಂಡದ್ದು, ಎಲ್ಲವೂ ಅದರಲ್ಲಿ. ಹೆಂಡತಿ ಹೋದ ಮೇಲೆ ಅವರೊಂದಿಗೆ ದಿನಾ ಮಾತಾಡುತ್ತಿದ್ದವರು ಸುದ್ದಿಯ ಕೆಳಗೆ ನಾಲ್ಕಕ್ಷರ ಬರೆಯುವ ಓದುಗರಷ್ಟೇ.

ಶಿಕಾರಿಪುರದಲ್ಲಿ ನನ್ನದೂ ಒಂದು ವೆಬ್‌ಸೈಟ್ ಇದೆ. ಚಿನ್ನದ ದರ, ವಿಮೆ, ಸಾಲ, ಇಷ್ಟೇ ಸರಕು. ಕೆಲಸ ಕಲಿಸಿದವರು ಅವರೇ. ಆದರೆ ಜಾಹೀರಾತಿನ ಹಣ ನನಗೆ ಧಾರಾಳವಾಗಿ ಬರುತ್ತಿತ್ತು, ಅವರಿಗೆ ಸೈಟ್ ಉಳಿಸಿಕೊಳ್ಳುವುದೇ ಕಷ್ಟ.

"ನಿನ್ಗಿಂತ ನನ್ಗೆ ಓದೋರು ಜಾಸ್ತಿ ಇದಾರಲ್ಲಮ್ಮ, ಮತ್ಯಾಕೆ ಹಿಂಗೆ?" ಎಂದು ಒಮ್ಮೆ ಕೇಳಿದರು.

"ಸಾಲ ಹುಡ್ಕೋರ ಕಣ್ಣಿಗೆ ಬೀಳಕ್ಕೆ ಕಂಪನಿಯೋರು ಜಾಸ್ತಿ ಕೊಡ್ತಾರೆ ಸಾರ್. ಎಮ್ಮೆ ಹುಡ್ಕೋರಿಗೆ ಏನ್ ಮಾರ್ತಾರೆ?"

"ಹಗ್ಗ ಮಾರ್ಲಿ!" ಎಂದು ನಕ್ಕರು.

ನಗು ಹೆಚ್ಚು ದಿನ ಉಳಿಯಲಿಲ್ಲ. ಈ ಜಾಹೀರಾತುಗಳಿಂದಲೇ ಸೈಟ್ ನಡೆಯುವುದು ಎಂದು ಒಂದು ದಿನ ಓದುಗರಿಗೆ ಬರೆದುಬಿಟ್ಟರು. ನಮ್ಮ ಜನ ಕೇಳಬೇಕೆ? ಮದುವೆಯಲ್ಲಿ ಪಡೆದ ಮುಯ್ಯಿಯನ್ನೇ ಮರಳಿಸದೆ ಬಿಡದವರು. ತಮ್ಮ ಅಪ್ಪನ ಸಾವಿನ ಸುದ್ದಿಯನ್ನು ಫೋಟೊ ಸಮೇತ ಹಾಕಿದವರನ್ನು ಬಿಟ್ಟಾರೆಯೇ? ಒತ್ತಿದಷ್ಟೂ ಅವರಿಗೆ ಕಾಸು ಸಿಗುತ್ತದೆಂದು ಊಟವಾದ ಮೇಲೆ ಮನೆಮಂದಿಯೆಲ್ಲ ಕೂತು ಕಂಡ ಕಂಡ ಜಾಹೀರಾತನ್ನು ಒತ್ತಿದರು. ಕುರಿ ಕಾಯುವವರೂ ಹೊಲದಿಂದಲೇ ಒತ್ತಿದರು. ಕೊಳ್ಳುವ ಮನಸ್ಸಿಲ್ಲದೆ ಹೀಗೆ ಒತ್ತಿದ್ದನ್ನು ಜಾಹೀರಾತು ಕಂಪನಿ ಮೋಸವೆಂದು ಎಣಿಸಿ, ಹಣ ನಿಲ್ಲಿಸಿ ಅವರ ಖಾತೆಯನ್ನೇ ಮುಚ್ಚಿತು. ಅವರ ಪರವಾಗಿ ನಾನು ಬರೆದ ಅಹವಾಲುಗಳಿಗೆ ಯಂತ್ರದ ಉತ್ತರವೇ ಬಂತು. ಕೇಳುವ ಮನುಷ್ಯರೇ ಅಲ್ಲಿರಲಿಲ್ಲ.

"ಒತ್ತಿದ್ದಕ್ಕೇ ಹೀಗಾಯ್ತು ಅಂತ ಓದೋರಿಗೆ ಹೇಳಿ ಸಾರ್," ಎಂದೆ.

"ಮುಯ್ಯಿ ತಂದೋರ ಕೈಗೆ ಹೊಡೀತಾರೇನಮ್ಮ? ನೀನೂ ಹೇಳ್ಬ್ಯಾಡ."

ಹೆಂಡತಿಯ ಬಳೆ ಮಾರಿ ಸೈಟ್ ಉಳಿಸಿಕೊಂಡರು. ಅವತ್ತಿನ ಚಿನ್ನದ ದರವನ್ನು ನನ್ನ ಸೈಟಿನಲ್ಲೇ ನೋಡಿದ್ದರಂತೆ. ಜಾಹೀರಾತೇ ಕಾಣುತ್ತಿಲ್ಲ, ಈಗೆಲ್ಲಿ ಒತ್ತಬೇಕೆಂದು ಯಾರಾದರೂ ಫೋನ್ ಮಾಡಿದರೆ, "ಸಾಕಷ್ಟು ಬಂತು ಕಣ್ರೀ, ಇನ್ ಬ್ಯಾಡ," ಎನ್ನುತ್ತಿದ್ದರು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡರು. ಕೋಣೆಯ ಮುಂದೆ ಅಷ್ಟು ಜನ ಸೇರಿದ್ದನ್ನು ಅವರು ಬದುಕಿದ್ದಾಗ ನಾನು ಕಂಡಿರಲಿಲ್ಲ. ಚಂದ್ರಗುತ್ತಿಯಿಂದ ಬಂದಿದ್ದ ಹೆಂಗಸೊಬ್ಬಳು ನನ್ನ ಕೈ ಹಿಡಿದುಕೊಂಡಳು.

"ನಾವೆಲ್ಲ ಕೂತ್ಕಂಡು ಒತ್ತಿದ್ವಲ್ಲಕ್ಕಾ, ಕೊನೆಗಾಲ್ದಲ್ಲಿ ಅವ್ರಿಗೆ ಅಷ್ಟಾದ್ರೂ ಆಸ್ರೆ ಆತು."

"ಹೌದಮ್ಮ, ಆತು," ಎಂದೆ.

ನಿಜ ಗೊತ್ತಿದ್ದವರು ಸಂಪಾದಕರು, ನಾನು, ಇಬ್ಬರೇ. ಈಗ ನಾನೊಬ್ಬಳೇ.