ಒಂದಡಿ ಅಗಲದ ದಾರಿ

ಬೆಳಿಗ್ಗೆ ಶಿವಮೊಗ್ಗದ ನಮ್ಮ ಮನೆ ಮುಂದಿನ ಫುಟ್‌ಪಾತಿಗೆ ಯಾರೋ ಬ್ಲೀಚಿಂಗ್ ಪೌಡರ್ ಎರಚಿ ಹೋಗಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಭದ್ರಾವತಿ ಓಲ್ಡ್ ಟೌನಿನ ನಮ್ಮ ಹಳೇ ಗಲ್ಲಿ, ಪಕ್ಕದ ಮನೆಯ ಖಾಲಾ ನೆನಪಾದರು. ಸೆರಗನ್ನು ತಲೆ ಮೇಲಿಂದ ತಂದು ಸೊಂಟಕ್ಕೆ ಸಿಕ್ಕಿಸಿ, ಕುಕ್ಕರುಗಾಲಲ್ಲಿ ಕೂತು, ಮುರಿದ ಗರಗಸದ ಬ್ಲೇಡಿನಿಂದ ಕಲ್ಲುಚಪ್ಪಡಿ ಮೇಲಿನ ಹಾವಸೆ ಕೆರೆಯುತ್ತಿದ್ದ ಖಾಲಾ...

ಮಳೆಗಾಲದಲ್ಲಿ ನಮ್ಮ ಗಲ್ಲಿಯಲ್ಲಿ ಜಾರಿ ಬೀಳದವರೇ ಇಲ್ಲ. ಅದರಲ್ಲಿ ನಮ್ಮ ಹೆಂಗಸರ ಪಾಲೂ ಇತ್ತು ಅನ್ನಿ. ಆಕಾಶವೇ ಹರಿದು ಸುರಿಯುತ್ತಿದ್ದರೂ ಬೆಳಗಾಗೆದ್ದು ಬಾಗಿಲಿಗೆ ಎರಡು ಕೊಡ ನೀರು ಹಾಕದಿದ್ದರೆ ಅಮ್ಮನಿಗೆ ಸಮಾಧಾನವಿಲ್ಲ. ಮಳೆ ತೊಳೆದದ್ದು ಬೇರೆಯಂತೆ, ಮನೆಯವರು ತೊಳೆದದ್ದು ಬೇರೆಯಂತೆ. ಹಾವಸೆಗೆ ಇನ್ನೇನು ಬೇಕು?

ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಖಾಲಾ ಹೊರಗೆ ಬರುತ್ತಿದ್ದರು. ಆದರೆ ಇಡೀ ಗಲ್ಲಿ ಕೆರೆಯುತ್ತಿರಲಿಲ್ಲ. ತಮ್ಮ ಮೆಟ್ಟಿಲಿನಿಂದ ಮೂಲೆಯ ಮಸೀದಿವರೆಗೆ ಒಂದಡಿ ಅಗಲದ ಪಟ್ಟಿ ಮಾತ್ರ. ಅದೂ ನೆಟ್ಟಗಲ್ಲ, ತೆರೆದ ಚರಂಡಿ ಹತ್ತಿರ ಬಳಸಿಕೊಂಡು ಹೋಗುತ್ತಿತ್ತು. ಎರಡೂ ಕಡೆ ಹಸಿರು ಹಾವಸೆ ಹಾಗೇ. "ಉಜ್ಜೋದೇ ಆದ್ರೆ ಪೂರ್ತಿ ಉಜ್ಜಬಾರ್ದಾ? ತಮ್ಮ ಕಾಲಿಗಾದ್ರೆ ಸಾಕು," ಅಂತ ಅಮ್ಮ ಗೊಣಗುತ್ತಿದ್ದರು. ನನಗೋ ಎಲ್ಲದಕ್ಕೂ ಯಾಕೆ ಅನ್ನುವ ಚಟ. ಕೇಳಿದರೆ ಖಾಲಾ ತಲೆಯೆತ್ತದೆ, "ನನ್ ಕೈಲಿ ಇಷ್ಟೇ ಆಗೋದು ಮಾರಾಯ್ತಿ," ಅನ್ನುತ್ತಿದ್ದರು. ನನಗೆ ನಂಬಿಕೆ ಬರಲಿಲ್ಲ. ಕೈಲಾಗದವರು ಬಳಸುದಾರಿ ಯಾಕೆ ಕೆರೆಯುತ್ತಾರೆ?

ಅವರ ಯಜಮಾನರನ್ನು ನಾವು ಚಾಚಾ ಅನ್ನುತ್ತಿದ್ದೆವು. ಲಾರಿ ಓಡಿಸಿ ಸಾಕಾಗಿ ಮನೆಯಲ್ಲಿದ್ದವರು. ಒಮ್ಮೆ ಬಿದ್ದು ಸೊಂಟ ಮುರಿದುಕೊಂಡಿದ್ದರು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಅಂದಿದ್ದರು ಡಾಕ್ಟರು. ಆದರೂ ನಮಾಜಿಗೆ ಒಬ್ಬರೇ ಹೋಗಬೇಕು. ಕೈ ಹಿಡಿಯಲು ಹೋದರೆ ಸಿಡುಕುತ್ತಿದ್ದರು. ಚಪ್ಪಲಿ ಎಳೆದುಕೊಂಡು, ದನಿ ಕೇಳಿದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತ ಹೋಗುತ್ತಿದ್ದರು...

ಒಂದು ಮಳೆಗಾಲ ಖಾಲಾ ಜ್ವರದಿಂದ ಮಲಗಿದರು. ಅಮ್ಮನಿಗೆ ಪಾಪ ಅನ್ನಿಸಿತು. ಗಲ್ಲಿಯ ಹೆಂಗಸರನ್ನೆಲ್ಲ ಸೇರಿಸಿ, ಬ್ಲೀಚಿಂಗ್ ಪೌಡರ್ ಸುರಿದು, ತೆಂಗಿನ ನಾರಿನಲ್ಲಿ ಗೋಡೆಯಿಂದ ಗೋಡೆವರೆಗೆ ಉಜ್ಜಿಸಿದರು. ಹಾವಸೆಯ ಗುರುತೇ ಇಲ್ಲ. "ಇನ್ನು ಯಾರ್ ಬೀಳ್ತಾರೋ ನೋಡೋಣ," ಅಂದರು.

ಸಂಜೆ ಚಾಚಾ ಹೊರಟರು. ಸ್ವಲ್ಪ ದೂರ ಹೋಗಿ ನಿಂತರು. ಪಾದವನ್ನು ಅತ್ತ ಇತ್ತ ಸವರಿ ನೋಡಿದರು. ಆಮೇಲೆ ನೇರ ನಡೆದು ಚರಂಡಿಗೆ ಬಿದ್ದರು.

ಆಸ್ಪತ್ರೆಯ ವರಾಂಡದಲ್ಲಿ ಖಾಲಾ ಅಮ್ಮನ ಕೈ ಹಿಡಿದು ಹೇಳಿದರು: "ಅವ್ರಿಗೆ ಕಣ್ಣು ಹೋಗಿ ಎಷ್ಟೋ ಕಾಲ ಆಯ್ತು ಅಕ್ಕ. ಯಾರಿಗೂ ಹೇಳ್ಬೇಡ ಅಂದಿದ್ರು. ಕೆರೆದಲ್ಲಿ ತರಿತರಿ, ಪಕ್ಕಕ್ಕೆ ಸರಿದ್ರೆ ನುಣ್ಣಗೆ. ಕಾಲಿಗೇ ದಾರಿ ಗೊತ್ತಾಗ್ತಿತ್ತು. ನಿಮ್ದೇನು ತಪ್ಪು, ಒಳ್ಳೇದಕ್ಕೇ ಮಾಡಿದ್ರಿ." ಅಮ್ಮ ಬಾಯಿಗೆ ಸೆರಗು ಹಿಡಿದು ಅತ್ತರು.

ಚಾಚಾ ಮತ್ತೆ ನಡೆಯಲಿಲ್ಲ. ನೋಡಲು ಹೋದಾಗ ಮಂಚದಲ್ಲಿ ಮಲಗಿಯೇ ಅಮ್ಮನ ಹತ್ತಿರ ಹೇಳಿಕೊಂಡರು: "ಇಷ್ಟು ದಿನ ಒಬ್ನೇ ಓಡಾಡ್ದೆ ಕಣಮ್ಮ. ಯಾರ ಹಂಗೂ ಇರ್ಲಿಲ್ಲ."

ಖಾಲಾ ಚಾಚಾರ ದಿಂಬು ಸರಿಮಾಡುತ್ತ, "ಹೌದು ಅಕ್ಕ, ಯಾರ ಹಂಗೂ ಇರ್ಲಿಲ್ಲ," ಅಂದರು.

ಚಾಚಾ ಹೋಗಿ ವರ್ಷಗಳಾದವು. ಖಾಲಾ ಮಾಚೇನಹಳ್ಳಿಯ ಮಗಳ ಮನೆ ಸೇರಿದ್ದರು. ಹೋದ ಮಳೆಗಾಲ ಅವರೂ ತೀರಿಕೊಂಡರು. ದಿನಾ ಮಧ್ಯಾಹ್ನ ಆ ದಾರಿ ಮಾಡಿಡುತ್ತಿದ್ದವರು ಯಾರು ಅಂತ ಚಾಚಾಗೆ ಗೊತ್ತಿತ್ತೋ, ಇಲ್ಲವೋ... ಖಾಲಾ ಇದ್ದಿದ್ದರೆ ಈಗಲೇ ಬಸ್ಸು ಹತ್ತಿ ಹೋಗಿ ಕೇಳುತ್ತಿದ್ದೆ.