ಬಿಡಿಸಿಕೊಳ್ಳದ ಪಟ್ಟು

ನಮ್ಮ ಮನೆಯವರು ಕುಸ್ತಿ ಆಡಿದ್ದನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡವಳಲ್ಲ. ಗರಡಿ ಮನೆಯೊಳಕ್ಕೆ ಹೆಂಗಸರು ಕಾಲಿಡುವಂತಿರಲಿಲ್ಲ. ಮೈದಾನದ ಕುಸ್ತಿಗೂ ನಾವು ಹೋಗುತ್ತಿರಲಿಲ್ಲ. ಅವರ ಕಾಚ ಒಗೆಯುವಾಗ ನೀರಿಗೆ ಬಿಡುತ್ತಿದ್ದ ಕೆಂಪು ಮಣ್ಣು, ಬೆನ್ನಿಗೆ ತಿಕ್ಕುತ್ತಿದ್ದ ಹರಳೆಣ್ಣೆ, ನನಗೆ ಗೊತ್ತಿದ್ದ ಕುಸ್ತಿ ಅಷ್ಟೆ. ಕೊಳ್ಳೇಗಾಲದಲ್ಲಿ ಕೆಂಪನಂಜಪ್ಪ ಪೈಲ್ವಾನ್ ಎಂದು ಇವರ ಹೆಸರೆತ್ತಿದರೆ ಅಕ್ಕಿ ಗಿರಣಿಯ ಧಣಿ ಕೂಡ ಎದ್ದು ನಿಂತು ಮಾತನಾಡಿಸುತ್ತಿದ್ದ ಕಾಲ ಅದು. ಇವರು ಅದೇ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದರು.

ಮಗಳು ಪದ್ಮಿನಿ ನನ್ನ ಹೊಟ್ಟೆಯಲ್ಲಿ ಏಳು ತಿಂಗಳಿದ್ದಾಗ ಸತ್ತೇಗಾಲದ ಜಡೇಸ್ವಾಮಿಯ ಜೊತೆ ಇವರ ಕುಸ್ತಿ ಜೋಡಿ ಬಿತ್ತು. ಅವನು ಹಿಂದಿನಿಂದ ಬಂದು ಸೊಂಟ ತಬ್ಬಿ, ಎತ್ತಿ ಒಗೆದನಂತೆ. ಇವರ ಬಲಭುಜ ಮುರಿಯಿತು. ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಭುಜವೇನೋ ಕೂಡಿಕೊಂಡಿತು, ಆದರೆ ಇವರು ಮತ್ತೆ ಗರಡಿ ಕಡೆ ತಲೆ ಹಾಕಲಿಲ್ಲ. ಕೇಳಿದವರಿಗೆಲ್ಲ ಒಂದೇ ಮಾತು: "ಆ ಪಟ್ಟಿಂದ ಯಾರೂ ಬುಡುಸ್ಕೊಳಕಾಗಲ್ಲ ಕಣ್ಲಾ. ಇಡುದ್ರೆ ಮುಗೀತು." ನಲವತ್ತು ವರ್ಷ ಆ ಮಾತನ್ನೇ ಹೊದ್ದುಕೊಂಡು ಬದುಕಿದರು.

ಮೂರು ವರ್ಷದ ಹಿಂದೆ, ಮಂಡಿ ನೋವಿನಿಂದ ಮನೆಯಲ್ಲೇ ಕೂರುವಂತಾದಾಗ, ಪದ್ಮಿನಿ ತನ್ನ ಹಳೆಯ ಫೋನಿನಲ್ಲಿ ಕುಸ್ತಿಯ ವಿಡಿಯೋ ಹಾಕಿಕೊಟ್ಟಳು. ಯಾರೋ ಹಿಂದಿಯವನು. ಒಂದೊಂದು ಪಟ್ಟನ್ನೂ ಬಿಡಿಬಿಡಿಯಾಗಿ ತೋರಿಸುತ್ತಾನೆ. ನಿಲ್ಲಿಸುತ್ತಾನೆ, ಕಾಲಿನ ಸುತ್ತ ಕೆಂಪು ಗೆರೆ ಎಳೆಯುತ್ತಾನೆ, ಮತ್ತೆ ನಿಧಾನವಾಗಿ ಓಡಿಸುತ್ತಾನೆ. ಅವನ ಮಾತು ಅರ್ಥವಾಗದಿದ್ದರೂ ಇವರಿಗೆ ಮೈ ಅರ್ಥವಾಗುತ್ತಿತ್ತು. "ಥೂ, ಮೊಣಕಾಲ್ ಎತ್ಲಾ!" ಎಂದು ಫೋನಿಗೇ ಬೈಯುತ್ತಿದ್ದರು.

ಒಂದು ಮಧ್ಯಾಹ್ನ ಬೈಗುಳ ನಿಂತಿತು. ಅವರೆಕಾಯಿ ಸುಲಿಯುತ್ತಿದ್ದ ನಾನು ತಿರುಗಿ ನೋಡಿದೆ. ಫೋನಿನಲ್ಲಿ ಒಬ್ಬ ಇನ್ನೊಬ್ಬನನ್ನು ಹಿಂದಿನಿಂದ ತಬ್ಬಿದ್ದ. ಸಿಕ್ಕಿಬಿದ್ದವನು ಬೆರಳು ಕೀಳಲು ಹೋಗಲೇ ಇಲ್ಲ. ಹಿಡಿದವನ ಮಣಿಕಟ್ಟನ್ನು ಕೆಳಕ್ಕೆ ಅದುಮಿ, ಕುಕ್ಕರಿಸುವ ಹಾಗೆ ಸೊಂಟ ಇಳಿಸಿ, ಪಕ್ಕಕ್ಕೆ ತಿರುಗಿದ. ಬಿಟ್ಟುಹೋಯಿತು.

"ಇಷ್ಟೇಯಾ?" ಎಂದರು. ಇನ್ನೊಮ್ಮೆ ಹಾಕಿದರು. "ಇಷ್ಟೇಯಾ ಅಮ್ಮಿ? ನಾನು ಬೆರಳು ಕೀಳಕೆ ಓದ್ನಲ್ಲ."

ಆ ದಿನ ಊಟ ಮಾಡಲಿಲ್ಲ. ಭುಜ ಮುರಿದ ರಾತ್ರಿಯೂ ನಾನು ಕಲಸಿಕೊಟ್ಟದ್ದನ್ನು ಉಂಡಿದ್ದವರು.

ಮರುದಿನ ಸಂಜೆ ಅಂಗಳದಲ್ಲಿ ನನಗೆ ಬೆನ್ನು ಮಾಡಿ ನಿಂತರು.

"ಬಾಮ್ಮಿ, ಇಂದ್ಗಡೆಯಿಂದ ಇಡ್ಕ."

"ನಂಗೇನ್ ಬಂದದೆ ಕುಸ್ತಿ?"

"ಮುದ್ದೆ ತಿರುವಲ್ವಾ, ಆ ಬಿಗಿ ಸಾಕು. ಇಡ್ಕ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಿಡಿದುಕೊಂಡೆ. ಪಕ್ಕದ ಮನೆಯ ಮಹಾದೇವಮ್ಮ ಬೇಲಿಯಾಚೆಯಿಂದ ಕಂಡವಳೇ, "ಏನಕ್ಕೋ, ಮೊಮ್ಮಕ್ಕಳು ಕಂಡ್ ಮ್ಯಾಲೆ ನಾಚ್ಕೆ ಬುಟ್ಬುಟ್ರಾ?" ಎಂದಳು.

"ಓಗಮ್ಮಿ, ಕುಸ್ತಿ ಕಲೀತಾ ಇವ್ನಿ," ಎಂದೆ.

ದಿನವೂ ಸಂಜೆ ಇದೇ ಆಯಿತು. ಆ ಮಂಡಿ ಇಟ್ಟುಕೊಂಡು ನನ್ನ ಕೈಯಿಂದ ಬಿಡಿಸಿಕೊಳ್ಳುವುದನ್ನು ಕಲಿತರು. ಕಲಿತ ಮೇಲೆ, "ಜಡೇಸ್ವಾಮಿ ಕೈಲಿ ಒಂದ್ಸಲ ಇಡುಸ್ಕೋಬೇಕು. ಬುಡುಸ್ಕೊಂಡು ತೋರುಸ್ಬೇಕು. ಆಮೇಕೆ ಸಾಯ್ತೀನಿ," ಎಂದರು.

ಬಸ್ಸು ಹತ್ತಿ ಸತ್ತೇಗಾಲಕ್ಕೆ ಹೋದೆವು. ಜಡೇಸ್ವಾಮಿಯ ಹೆಂಡತಿ ಗೋವಿಂದಮ್ಮ ಬಾಗಿಲು ತೆಗೆದು ಒಳಗೆ ಕರೆದಳು. ಅವನನ್ನು ಚಾಪೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಎರಡು ಸಲ ಲಕ್ವ ಹೊಡೆದು, ಕೈಗಳೆರಡೂ ತೊಡೆಯ ಮೇಲೆ ಬಿದ್ದಿದ್ದವು.

"ಯಾರ್ಲಾ, ಕೆಂಪನಾ? ನಲ್ವತ್ ವರ್ಸಕ್ಕೆ ದಾರಿ ಗೊತ್ತಾಯ್ತಾ?"

"ನಿನ್ ಪಟ್ಟು ಬುಡುಸ್ಕೊಳೋದ್ ಕಲ್ತ್ಕೊಂಡ್ ಬಂದಿವ್ನಿ."

ಜಡೇಸ್ವಾಮಿ ನಕ್ಕ. ನಗು ಒಂದೇ ಕೆನ್ನೆಗೆ ಹೋಯಿತು. "ಇಡ್ಕೊಳಕೆ ಕೈ ಎಲ್ಲವೆ ಕಣ್ಲಾ? ತುತ್ತು ಎತ್ತಕೇ ಆಗಲ್ಲ."

ಇವರು ಅವನಿಗೆ ಬೆನ್ನು ಹಾಕಿ ಚಾಪೆಯ ಮೇಲೆ ಕೂತರು. ಹಿಂದಕ್ಕೆ ಚಾಚಿ ಅವನ ಕೈಗಳನ್ನು ಒಂದೊಂದಾಗಿ ಎತ್ತಿ ತಮ್ಮ ಸೊಂಟದ ಸುತ್ತ ತಂದು ಸೇರಿಸಿದರು. ಮಣಿಕಟ್ಟು ಹಿಡಿದರು, ವಿಡಿಯೋದಲ್ಲಿದ್ದ ಹಾಗೆಯೇ. ಜಡೇಸ್ವಾಮಿಯ ಗಲ್ಲ ಬಂದು ಇವರ ಹೆಗಲ ಮೇಲೆ, ಆ ಮುರಿದ ಹೆಗಲ ಮೇಲೆ, ಒರಗಿತು.

"ಬುಡುಸ್ಕೊ, ನೋಡವ," ಎಂದ.

ಎಷ್ಟು ಹೊತ್ತು ಹಾಗೆ ಕೂತಿದ್ದರೋ. ಒಲೆಯ ಮೇಲೆ ಕಾಫಿ ಉಕ್ಕಿದರೂ ಗೋವಿಂದಮ್ಮ ಏಳಲಿಲ್ಲ.

"ಆಗಾಕಿಲ್ಲ ಕಣ್ಲಾ," ಎಂದರು ಕೊನೆಗೆ. "ಈಗ್ಲೂ ನೀನೇ ಗೆದ್ದೆ."

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. "ಬುಡುಸ್ಕೊಳಕೆ ಬತ್ತಿತ್ತಲ್ಲ ನಿಮ್ಗೆ?"

ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದರು. "ಸೊಂಟ ತಿರುಗ್ಸಿದ್ರೆ ಅವ್ನು ಬಿದ್ದೋಗೋನು ಅಮ್ಮಿ."

ಹದಿನೈದು ದಿನಕ್ಕೆ ಜಡೇಸ್ವಾಮಿ ಹೋದ ಸುದ್ದಿ ಬಂತು. ಇವರು ಆಮೇಲೆ ಫೋನು ಕೇಳಲಿಲ್ಲ. ಹಿಡಿದುಕೋ ಬಾ ಎಂದು ನನ್ನನ್ನು ಕರೆಯಲೂ ಇಲ್ಲ. ಇವರೂ ತೀರಿಕೊಳ್ಳುವವರೆಗಿನ ಐದು ತಿಂಗಳು, ಸಂಜೆಯಾದರೆ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಗಳದಲ್ಲಿ ಏನಾದರೊಂದು ಕೆಲಸ ಹುಡುಕಿಕೊಂಡು ಇರುತ್ತಿದ್ದೆ.